ಮೈಕಟ್ಟಿಗೆ ಕನ್ಯೆ ಒಲಿಯುವಳೇ?

ಹಾವೇರಿ ಜಿಲ್ಲೆಯ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಸೀಮೆಗೆ ಮೈ ಹುರಿಗೊಳಿಸುವುದು ಹೊಸದಲ್ಲ. ಗರಡಿಮನೆಯ ಕೆಮ್ಮಣ್ಣಿನಲ್ಲಿ ಸಾಮು ಮಾಡಿದ ತೋಳಿಗೆ ಜಾತ್ರೆಯ ಕುಸ್ತಿಯಲ್ಲಿ ಕೆಲಸವಿತ್ತು. ದೀಪಾವಳಿಯ ಹೊತ್ತಿನ ಹೋರಿ ಹಬ್ಬದಲ್ಲಿ ಕೊಬ್ಬರಿ ಕಟ್ಟಿಕೊಂಡು ನುಗ್ಗುವ ಹೋರಿಯನ್ನು ಹಿಡಿಯುವ ತೋಳಿಗೆ ಇಂದಿಗೂ ಇದೆ. ಆದರೆ ಜಿಮ್ಮಿನ ಮೈಕಟ್ಟು ಮೊದಲು ಮೊಬೈಲ್ ಫೋಟೊದಲ್ಲಿ ಪಾಸಾಗಬೇಕು. ಹೀಗೆ ಕಂಡರೆ ಹುಡುಗಿ ಮೆಚ್ಚುತ್ತಾಳೆ ಎಂಬ ನಂಬಿಕೆ ಅದರ ಬೆನ್ನಿಗಿದೆ. ಆ ಲೆಕ್ಕವೇ ತಪ್ಪು. 2000ದಲ್ಲಿ ಮನೋವೈದ್ಯ ಹ್ಯಾರಿಸನ್ ಪೋಪ್ ಮತ್ತು ಸಂಗಡಿಗರು ಆಸ್ಟ್ರಿಯಾ, ಫ್ರಾನ್ಸ್, ಅಮೆರಿಕಗಳ ಯುವಕರನ್ನು ಕೇಳಿದಾಗ, ತಮಗಿಂತ ಸುಮಾರು 14 ಕಿಲೊ ಹೆಚ್ಚು ಮಾಂಸಖಂಡವಿರುವ ಗಂಡಸನ್ನು ಹೆಣ್ಣುಮಕ್ಕಳು ಬಯಸುತ್ತಾರೆಂದು ಅವರು ಅಂದಾಜಿಸಿದ್ದರು. ಹೆಣ್ಣುಮಕ್ಕಳು ಆರಿಸಿದ್ದು ಸಾಧಾರಣ ಮೈಯನ್ನು.

ನಮ್ಮಲ್ಲಂತೂ ಆಯ್ಕೆ ಬಹಳಮಟ್ಟಿಗೆ ಹುಡುಗಿಯ ಕೈಯಲ್ಲೇ ಇಲ್ಲ. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯ ಪ್ರಕಾರ, ಗಂಡನನ್ನು ತಾನೊಬ್ಬಳೇ ನಿರ್ಧರಿಸಿದವರು ಶೇಕಡ 5ರ ಆಸುಪಾಸು. ಕನ್ಯೆ ಕೇಳಲು ಹೋದವರಿಗೆ ಎದುರಾಗುವ ಪ್ರಶ್ನೆ “ನೌಕರಿ ಐತೇನು?” ಎಂಬುದು. ಮಳೆ ನಂಬಿ ಗೋವಿನಜೋಳ, ಹತ್ತಿ ಬೆಳೆಯುವವನು ಎಷ್ಟು ಚೆಲುವನಾದರೂ ಅಲ್ಲೇ ತಡವರಿಸುತ್ತಾನೆ. ಇದು ಹಾವೇರಿ ಜಿಲ್ಲೆಯೊಂದರ ಸಂಕಟವಲ್ಲ. 2023ರ ಫೆಬ್ರುವರಿಯಲ್ಲಿ ಮಂಡ್ಯ ಕಡೆಯ ಅವಿವಾಹಿತ ಯುವಕರು ಹೆಣ್ಣು ಸಿಗಲೆಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ರೈತನೆಂದರೆ ಹೆಣ್ಣು ಕೊಡುವುದಿಲ್ಲ ಎಂಬುದು ಅವರ ಅಳಲಾಗಿತ್ತು. ಮುಖ ಚೆನ್ನಾಗಿಲ್ಲವೆಂದು ಯಾರೂ ದೂರಲಿಲ್ಲ.

ಹಾಗಾದರೆ ರೂಪಕ್ಕೆ ಬೆಲೆಯೇ ಇಲ್ಲವೇ ಎಂದು ಕೇಳಬಹುದು. ಇದೆ, ಕಾಲೇಜಿನಲ್ಲಿ ಮೊಳೆಯುವ ಪ್ರೀತಿ ಕಣ್ಣಿಂದಲೇ ಶುರುವಾಗುತ್ತದೆ, ವ್ಯಾಯಾಮ ಆರೋಗ್ಯಕ್ಕೂ ಧೈರ್ಯಕ್ಕೂ ಒಳ್ಳೆಯದು. ಆದರೆ 1989ರಲ್ಲಿ ಮನೋವಿಜ್ಞಾನಿ ಡೇವಿಡ್ ಬಸ್ 37 ಸಂಸ್ಕೃತಿಗಳ ಅಧ್ಯಯನ ಪ್ರಕಟಿಸಿದಾಗ, ಸಂಗಾತಿಯ ರೂಪಕ್ಕೆ ಹೆಚ್ಚು ತೂಕ ಕೊಟ್ಟವರು ಗಂಡಸರೇ. ಹೆಣ್ಣುಮಕ್ಕಳು ಸಂಪಾದನೆಯ ಭರವಸೆಯನ್ನು ಹೆಚ್ಚು ನೋಡಿದರು. ಹುಡುಗ ತನ್ನ ಕಣ್ಣನ್ನೇ ಹುಡುಗಿಗೂ ಆರೋಪಿಸುತ್ತಾನೆ. ಹುಡುಗಿಯರನ್ನು ತಲೆಮಾರುಗಳಿಂದ ಬಣ್ಣದಿಂದ ಅಳೆದ ತಕ್ಕಡಿಗೆ ತಾನೇ ಹತ್ತುತ್ತಾನೆ. 2005ರಲ್ಲಿ ಇಮಾಮಿ ಕಂಪನಿ ಗಂಡಸರಿಗೆಂದೇ ಬಿಳುಪಿನ ಕ್ರೀಮ್ ತಂದಿತು. ನನಗೆ ಅದಕ್ಕಿಂತ ಹೆಚ್ಚು ಭಯವಿರುವುದು, ಚರ್ಮರೋಗಕ್ಕೆಂದು ಇರುವ ಸ್ಟೀರಾಯ್ಡ್ ಮುಲಾಮನ್ನು ಬಣ್ಣಕ್ಕಾಗಿ ಹಚ್ಚುವವರ ಬಗ್ಗೆ. ಅಂಥ ಹಲವು ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದೆಂದು ಕೇಂದ್ರ ಸರ್ಕಾರ 2018ರಲ್ಲಿ ನಿಯಮ ಮಾಡಿದೆ. ಹಚ್ಚಿದ ಕೆಲವು ವಾರ ಮುಖ ತಿಳಿಯಾಗಿ ಕಾಣುತ್ತದೆ. ಆಮೇಲೆ ಚರ್ಮ ತೆಳುವಾಗಿ ಕೆಂಪೇರುತ್ತದೆ, ಮೊಡವೆ ಏಳುತ್ತದೆ. ನಿಲ್ಲಿಸಿದರೆ ಉರಿ ಹೆಚ್ಚುತ್ತದೆ, ಹುಡುಗ ಮತ್ತೆ ಅದೇ ಟ್ಯೂಬಿಗೆ ಕೈಹಾಕುತ್ತಾನೆ.