ನಿಮಗಿದು ಗೊತ್ತೇ? ಇಂಗ್ಲಿಷಿನಲ್ಲಿ ಕೂತ ಜಾಗವೇ ವಿಭಕ್ತಿ!

'ರಾಮ ರಾವಣನನ್ನು ಕೊಂದ' ಎನ್ನಿ, 'ರಾವಣನನ್ನು ರಾಮ ಕೊಂದ' ಎನ್ನಿ, ನಾಟಕದ ಧಾಟಿಯಲ್ಲಿ 'ಕೊಂದ ರಾಮ ರಾವಣನನ್ನು' ಎಂದೇ ಹೇಳಿ. ಕನ್ನಡದಲ್ಲಿ ಸತ್ತವನು ರಾವಣನೇ. 'ಅನ್ನು' ಪ್ರತ್ಯಯ ಅವನನ್ನು ಬಿಡುವುದಿಲ್ಲ. ಇಂಗ್ಲಿಷಿನ 'ರಾಮ ಕಿಲ್ಡ್ ರಾವಣ' ಎಂಬಲ್ಲಿ ಎರಡು ಹೆಸರು ಅದಲುಬದಲಾದರೆ ರಾಮಾಯಣವೇ ತಲೆಕೆಳಗು. ಅಲ್ಲಿ ಕ್ರಿಯಾಪದಕ್ಕಿಂತ ಮೊದಲು ಕೂತವನು ಕರ್ತೃ, ಆಮೇಲೆ ಕೂತವನು ಕರ್ಮ.

ಸಾವಿರ ವರ್ಷದ ಹಿಂದೆ ಇಷ್ಟು ಬಿಗಿ ಇರಲಿಲ್ಲ. ಆಗ ಇಂಗ್ಲಿಷಿನ ನಾಮಪದಗಳಿಗೂ ವಿಭಕ್ತಿ ಪ್ರತ್ಯಯಗಳಿದ್ದವು. ಅವು ಸವೆದಂತೆಲ್ಲ ಪದಗಳ ಜಾಗ ಖಾಯಂ ಆಯಿತು. ಹಿ–ಹಿಮ್, ಶಿ–ಹರ್ ಜೋಡಿಗಳು ಆ ಕಾಲದ ಪಳೆಯುಳಿಕೆ.

ಇಂಗ್ಲಿಷ್ ವಾಕ್ಯ ಎಷ್ಟು ಬಗೆ? ಹೇಳಿಕೆ, ಪ್ರಶ್ನೆ, ಆಜ್ಞೆ, ಉದ್ಗಾರ ಎಂದು ನಾಲ್ಕು ಬಗೆಯನ್ನು ನಾವೆಲ್ಲ ಶಾಲೆಯಲ್ಲಿ ಉರು ಹೊಡೆದಿದ್ದೇವೆ. ವಾಕ್ಯದ ಒಳಗಿನ ಅಚ್ಚುಗಳನ್ನು, ಅಂದರೆ ಕರ್ತೃ, ಕ್ರಿಯಾಪದ, ಕರ್ಮ ಮುಂತಾದವು ಜೋಡಿಯಾಗುವ ಬಗೆಗಳನ್ನು ಎಣಿಸಹೊರಟರೆ ಲೆಕ್ಕ ಬೇರೆ. 1904ರಲ್ಲಿ ವ್ಯಾಕರಣಕಾರ ಸಿ.ಟಿ. ಆನಿಯನ್ಸ್ ಐದು ಎಂದರು. ಜಪಾನಿನ ಮಕ್ಕಳು ಐದು ಅಚ್ಚುಗಳ ಪಾಠವನ್ನೇ ಕಲಿತು ಬೆಳೆದರು. ಅದೇ ಜಪಾನಿನಲ್ಲಿ ಮೇಷ್ಟರಾಗಿದ್ದ ಎ.ಎಸ್. ಹಾರ್ನ್‌ಬಿ 1954ರ ಪುಸ್ತಕದಲ್ಲಿ ಕ್ರಿಯಾಪದಗಳಿಗೇ 25 ಅಚ್ಚು ಕೊಟ್ಟರು. 1985ರಲ್ಲಿ ರ‍್ಯಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರ ಬೃಹತ್ ವ್ಯಾಕರಣ ಏಳಕ್ಕೆ ನಿಲ್ಲಿಸಿತು. ಕಲಿಯುವವರಿಗೆ ಏಳು ಧಾರಾಳವಾಯಿತು!

ಅಚ್ಚನ್ನು ಆರಿಸುವುದು ಕ್ರಿಯಾಪದ. 'ಬರ್ಡ್ಸ್ ಫ್ಲೈ' ಎಂದರೆ ಮಾತು ಮುಗಿಯಿತು. 'ಐ ಪುಟ್ ದಿ ಬುಕ್' ಎಂದು ನಿಲ್ಲಿಸಿದರೆ ಮುಗಿಯಲಿಲ್ಲ. ಎಲ್ಲಿಟ್ಟಿರಿ ಎಂದೂ ಹೇಳಲೇಬೇಕು.

ನೋಡಲು ಒಂದೇ ಥರ ಇರುವ ಎರಡು ವಾಕ್ಯ: 'ಹಿ ಮೇಡ್ ಹಿಸ್ ಸನ್ ಎ ಡಾಕ್ಟರ್', 'ಹಿ ಮೇಡ್ ಹಿಸ್ ಸನ್ ಎ ಕೈಟ್'. ಮೊದಲನೆಯದರಲ್ಲಿ ಮಗನೇ ಡಾಕ್ಟರಾದ. ಎರಡನೆಯದರಲ್ಲಿ ಮಗ ಗಾಳಿಪಟವಾಗಲಿಲ್ಲ, ಅವನಿಗೊಂದು ಗಾಳಿಪಟ ಸಿಕ್ಕಿತು. ಕನ್ನಡ ಇಲ್ಲಿ 'ಮಗನನ್ನು', 'ಮಗನಿಗೆ' ಎಂದು ಸ್ಪಷ್ಟವಾಗಿ ಬೇರೆ ಮಾಡುತ್ತದೆ. ಇಂಗ್ಲಿಷ್ ಓದುಗ ಅರ್ಥದಿಂದಲೇ ಊಹಿಸಬೇಕು.

'ಅವಳು ನನ್ನ ತಂಗಿ.' ಕ್ರಿಯಾಪದವಿಲ್ಲ, ಆದರೂ ಪೂರ್ತಿ ವಾಕ್ಯ. ಇಂಗ್ಲಿಷಿನಲ್ಲಿ 'ಈಸ್' ತರದೆ ಬಿಡುಗಡೆಯಿಲ್ಲ.

ಕರ್ತೃವಿನ ಕುರ್ಚಿಯೂ ಖಾಲಿ ಇರುವಂತಿಲ್ಲ. 'ಇಟ್ ಈಸ್ ರೇನಿಂಗ್' ಎಂಬಲ್ಲಿ ಆ 'ಇಟ್' ಯಾರು? ಯಾರೂ ಅಲ್ಲ, ಜಾಗ ತುಂಬಲು ಕೂರಿಸಿದ ಡಮ್ಮಿ. ಆಜ್ಞೆಯಲ್ಲಿ ಮಾತ್ರ ರಿಯಾಯಿತಿ: 'ಗೋ!' ಎಂಬ ಒಂದೇ ಪದ ಪೂರ್ಣ ವಾಕ್ಯ.

'ಡು ಯು ನೋ?' ಎಂಬ ಪ್ರಶ್ನೆಯ 'ಡು' ಅಷ್ಟೇನೂ ಹಳಬನಲ್ಲ. ಷೇಕ್ಸ್‌ಪಿಯರನ ಕಾಲದಲ್ಲಿ 'ನೋ ಯು?' ಎಂದೂ ಕೇಳಬಹುದಿತ್ತು. ನಮಗೋ ಕೊನೆಗೊಂದು 'ಆ' ಎಳೆದರೆ ಸಾಕು, 'ಬಂದ' ಎಂಬುದು 'ಬಂದನಾ?' ಆಗುತ್ತದೆ. ನಮ್ಮವರ ಇಂಗ್ಲಿಷಿನಲ್ಲಿ 'ವೇರ್ ಯು ವೆಂಟ್?' ಕೇಳಿಬರುವುದು ಪದಗಳ ಜಾಗ ಬದಲಿಸದೆ ಪ್ರಶ್ನೆ ಕೇಳುವ ಈ ಅಭ್ಯಾಸದಿಂದಲೇ ಇರಬೇಕು. ಎಲ್ಲದಕ್ಕೂ 'ಈಸಂಟ್ ಇಟ್?' ಅಂಟಿಸುವ ಚಾಳಿಯೂ ಹಾಗೆಯೇ. ಕನ್ನಡದಲ್ಲಿ 'ಅಲ್ವಾ?' ಎಲ್ಲಿ ಬೇಕಾದರೂ ಹೊಂದುತ್ತದೆ; ಇಂಗ್ಲಿಷಿನಲ್ಲಿ 'ಯು ಆರ್ ಕಮಿಂಗ್' ಎಂದವರು 'ಆರಂಟ್ ಯು?' ಎಂದೇ ಮುಗಿಸಬೇಕು.

'ಕುಡ್ ಯು ಪಾಸ್ ದಿ ಸಾಲ್ಟ್?' ರೂಪದಲ್ಲಿ ಪ್ರಶ್ನೆ, ಕೆಲಸದಲ್ಲಿ ಕೋರಿಕೆ. 'ಸ್ವಲ್ಪ ಉಪ್ಪು ಕೊಡ್ತೀರಾ?' ಕೂಡ ಅದೇ ಜಾತಿ.

ಈ ಅಚ್ಚುಗಳನ್ನು ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ ಎಂದು ಜೋಡಿಸಿ ಕಂಠಪಾಠ ಮಾಡಿಸುವ ಪದ್ಧತಿಗೆ ಒಂದು ಗಟ್ಟಿ ಸವಾಲು ಎದ್ದಿದ್ದು ನಮ್ಮ ಬೆಂಗಳೂರಿನಲ್ಲೇ. 1979ರಲ್ಲಿ ಇಂಗ್ಲಿಷ್ ಬೋಧನೆಯ ತಜ್ಞ ಎನ್.ಎಸ್. ಪ್ರಭು ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಪ್ರಯೋಗ ಶುರು ಮಾಡಿದರು. ರೈಲಿನ ವೇಳಾಪಟ್ಟಿ, ನಕ್ಷೆಗಳಂಥವನ್ನು ಮುಂದಿಟ್ಟು ಮಕ್ಕಳಿಂದ ಇಂಗ್ಲಿಷಿನಲ್ಲೇ ಲೆಕ್ಕ ಬಿಡಿಸಿದರು. ವ್ಯಾಕರಣದ ಪಾಠ ಮಾಡಲಿಲ್ಲ. ಐದು ವರ್ಷ ನಡೆದ ಈ ಪ್ರಯೋಗ 'ಬೆಂಗಳೂರು ಪ್ರಾಜೆಕ್ಟ್' ಎಂಬ ಹೆಸರಿನಲ್ಲಿ ಹೊರದೇಶಗಳ ಭಾಷಾ ಬೋಧನೆಯ ಪುಸ್ತಕಗಳಲ್ಲೂ ಇದೆ.