ಕುಸುಬಿಗೆ ಅಗಸಿ ಜೋಡಿ

ಹಿಂಗಾರಿ ಹಂಗಾಮಿನಲ್ಲಿ ನವಲಗುಂದ, ಅಣ್ಣಿಗೇರಿ ಕಡೆಯ ಎರಿ ಹೊಲಗಳನ್ನು ನೋಡಬೇಕು. ಜೋಳ, ಕಡಲೆಯ ಮಗ್ಗುಲಲ್ಲಿ ಮುಳ್ಳು ಮುಳ್ಳಾದ ಕುಸುಬಿಯ ಅಕ್ಕಡಿ ಸಾಲು. ಅಲ್ಲಲ್ಲಿ ನೀಲಿ ಹೂವಿನ ಅಗಸಿ. ಕುಸುಬಿ ಗಾಣ ಸೇರಿ ಎಣ್ಣೆಯಾಗುತ್ತದೆ, ಅಗಸಿ ಒರಳು ಸೇರಿ ರೊಟ್ಟಿಯ ಜೊತೆಗಿನ ಹಿಂಡಿಯಾಗುತ್ತದೆ. ಈ ಎರಡೂ ಕಾಳಿಗೆ ತೊಟ್ಟಿಲ ಕೂಸಿನ ಮೈಯೊಡನೆ, ಮಿದುಳಿನೊಡನೆ ನಂಟಿದೆ.

ತಾಯಿಯ ಹಾಲಿನಲ್ಲಿ 100 ಮಿಲಿಲೀಟರಿಗೆ ಕೊಬ್ಬು ಸುಮಾರು 4 ಗ್ರಾಂ ಮಾತ್ರ. ಆದರೆ ಕೂಸಿಗೆ ಹಾಲಿನಿಂದ ಸಿಗುವ ಶಕ್ತಿಯ ಅರ್ಧದಷ್ಟು ಅದರದೇ. ಕೊಬ್ಬಿನ ಆಮ್ಲವೆಂದರೆ ಕಾರ್ಬನ್ ಕೊಂಡಿಗಳ ಸರಪಳಿ. ಹೆಚ್ಚಿನವನ್ನು ದೇಹ ತಾನೇ ಹೆಣೆದುಕೊಳ್ಳುತ್ತದೆ. ಲಿನೋಲಿಕ್ ಮತ್ತು ಆಲ್ಫಾ-ಲಿನೋಲೆನಿಕ್ ಎಂಬ ಎರಡನ್ನು ಮಾತ್ರ ಊಟದಿಂದಲೇ ಪಡೆಯಬೇಕು. ಎರಡರಲ್ಲೂ 18 ಕಾರ್ಬನ್. ಬಾಲದ ತುದಿಯಿಂದ ಎಣಿಸಿದರೆ ಮೊದಲ ಜೋಡಿಬಂಧ ಒಂದರಲ್ಲಿ 6ನೆಯ ಕಾರ್ಬನ್ನಿಗೆ, ಇನ್ನೊಂದರಲ್ಲಿ 3ನೆಯದಕ್ಕೆ. ಒಮೆಗಾ-6, ಒಮೆಗಾ-3 ಎಂಬ ಹೆಸರು ಬಂದದ್ದು ಹೀಗೆ. ಆ ಜಾಗದಲ್ಲಿ ಜೋಡಿಬಂಧ ಕೂರಿಸುವ ಕಿಣ್ವ ಗಿಡಗಳಲ್ಲಿದೆ, ನಮ್ಮಲ್ಲಿಲ್ಲ. ಕುಸುಬಿ ಎಣ್ಣೆಯ ಮುಕ್ಕಾಲು ಪಾಲು ಲಿನೋಲಿಕ್. ಅಗಸಿ ಎಣ್ಣೆಯ ಅರ್ಧಕ್ಕೂ ಮಿಕ್ಕಿ ಆಲ್ಫಾ-ಲಿನೋಲೆನಿಕ್.

ಮೊದಲು ಗಮನಕ್ಕೆ ಬಂದದ್ದು ಕುಸುಬಿಯ ಗುಣ. ಕೊಬ್ಬಿಲ್ಲದ ಆಹಾರ ತಿಂದ ಇಲಿಗಳ ಚರ್ಮ ಹೊಟ್ಟೇಳುವುದನ್ನು ಅಮೆರಿಕದ ಬರ್ ದಂಪತಿ 1929ರಲ್ಲಿ ತೋರಿಸಿದರು. ಕೆನೆ ತೆಗೆದ ಹಾಲಿನ ಮೇಲೆ ಬೆಳೆದ ಶಿಶುಗಳಲ್ಲೂ ಹೀಗೇ ಆಗುತ್ತದೆ, ಲಿನೋಲಿಕ್ ಕೊಟ್ಟರೆ ವಾಸಿಯಾಗುತ್ತದೆ ಎಂದು 1963ರಲ್ಲಿ ಹ್ಯಾನ್ಸನ್ ತಂಡ ವರದಿ ಮಾಡಿತು.

ಹಾಗಾದರೆ ಕುಸುಬಿ ಎಣ್ಣೆಯೊಂದೇ ಸಾಕೆ? 1982ರಲ್ಲಿ ರಾಲ್ಫ್ ಹೋಲ್ಮನ್ ತಂಡ ಆರು ವರ್ಷದ ಹುಡುಗಿಯೊಬ್ಬಳ ಕಥೆ ಪ್ರಕಟಿಸಿತು. ಕರುಳಿನ ಬಹುಪಾಲು ಕಳೆದುಕೊಂಡಿದ್ದ ಅವಳಿಗೆ ಊಟವೆಲ್ಲ ರಕ್ತನಾಳದ ಮೂಲಕ. ಅದರಲ್ಲಿದ್ದ ಕೊಬ್ಬು ಕುಸುಬಿ ಎಣ್ಣೆಯದು. ಐದು ತಿಂಗಳಾದ ಮೇಲೆ ಮೈ ಜೋಮು ಹಿಡಿಯಿತು, ನಡೆಯಲಾಗಲಿಲ್ಲ, ಕಣ್ಣು ಮಂಜಾಯಿತು. ಒಮೆಗಾ-3 ಕೂಡ ಇರುವ ಸೋಯಾ ಎಣ್ಣೆಗೆ ಬದಲಿಸಿದಾಗ ತೊಂದರೆ ಹೋಯಿತು.

ಮಿದುಳು, ಕಣ್ಣಿನ ಅಕ್ಷಿಪಟಲ ತುಂಬಿಕೊಳ್ಳುವ ಡಿಎಚ್‌ಎ ಒಮೆಗಾ-3 ಮನೆತನದ್ದು. ಅಗಸಿಯ ಆಮ್ಲದಿಂದ ದೇಹ ಅದನ್ನು ಮಾಡಿಕೊಳ್ಳುತ್ತದೆ, ಆದರೆ ಸ್ವಲ್ಪವೇ ಸ್ವಲ್ಪ. ಎರಡೂ ಆಮ್ಲಗಳನ್ನು ಅರೆಯುವ ಕಿಣ್ವಗಳು ಒಂದೇ. ಒಂದೇ ಗಾಣಕ್ಕೆ ಕುಸುಬಿಯ ಚೀಲಗಳು ಸಾಲುಗಟ್ಟಿದರೆ ಅಗಸಿಯ ಪಾಳಿ ಬರುವುದು ತಡ.

ಹಾಗಿದ್ದರೆ ನೇರ ಡಿಎಚ್‌ಎ ಗುಳಿಗೆಯನ್ನೇ ಕೊಟ್ಟರೆ? ಪಕ್ಕದ ಬೆಳಗಾವಿಯಲ್ಲಿ ಇದನ್ನೂ ನೋಡಿದ್ದಾರೆ. ‘ಧನಿ’ ಎಂಬ ಅಧ್ಯಯನದಲ್ಲಿ 957 ಗರ್ಭಿಣಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಪಾಚಿಯಿಂದ ತೆಗೆದ ಡಿಎಚ್‌ಎ ದಿನಕ್ಕೆ 400 ಮಿಲಿಗ್ರಾಂನಂತೆ ಹೆರಿಗೆಯಾದ ಆರು ತಿಂಗಳವರೆಗೂ ಕೊಟ್ಟರು. ಮಕ್ಕಳಿಗೆ ವರ್ಷ ತುಂಬಿದಾಗ ಬೆಳವಣಿಗೆಯ ಅಂಕಗಳಲ್ಲಿ ಎರಡು ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಡಬ್ಬಿಯ ಮೇಲಿನ ‘ಚುರುಕು ಮಿದುಳು’ ಎಂಬ ಮಾತಿಗೆ ಮರುಳಾಗುವ ಮುಂಚೆ ಇದನ್ನು ನೆನೆಯಬೇಕು.

ಮೊದಲ ಆರು ತಿಂಗಳು ಕೂಸಿಗೆ ತಾಯಿಯ ಹಾಲೇ ಸಾಕು. ಅಗಸಿ ಹೋಗಬೇಕಾದದ್ದು ತಾಯಿಯ ತಾಟಿಗೆ. ಬಾಣಂತಿಗೆ ಮಾಡುವ ಅಳವಿ ಪಾಯಸವೂ ಇದೇ ಕೆಲಸದ್ದು. ಅಳವಿಯ ಎಣ್ಣೆಯಲ್ಲೂ ಮೂರನೆಯ ಒಂದು ಪಾಲಿನಷ್ಟು ಆಲ್ಫಾ-ಲಿನೋಲೆನಿಕ್ ಇದೆ. ಅಗಸಿಯನ್ನು ಚಟಪಟ ಸಿಡಿಯುವವರೆಗೆ ಹುರಿದು, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಉಪ್ಪು ಹಾಕಿ ಕುಟ್ಟುತ್ತಾರೆ. ಕುಟ್ಟದೆ ನುಂಗಿದ ಕಾಳು ಬಹುಪಾಲು ಇಡಿಯಾಗಿಯೇ ಹೊರಬೀಳುತ್ತದೆ.

ಬಾಣಂತನ ಮಾಡುವ ಅವ್ವ ಮಗಳಿಗೆ ಹೇಳುತ್ತಾಳೆ: “ಎಂಟ ದಿನಕ್ಕ ಆಗೋವಷ್ಟ ಕುಟ್ಟವ್ವಾ, ಇಲ್ಲಾಂದ್ರ ಕಮಟ ಹಿಡಿತೈತಿ.” ಕಮಟು ಹಿಡಿಯುವುದು ಆ ಜೋಡಿಬಂಧಗಳಿಗೆ ಗಾಳಿಯ ಆಮ್ಲಜನಕ ತಗುಲಿದಾಗ. ಹಿಂಡಿ ಬೇಗ ಕೆಡುವುದಕ್ಕೆ ಯಾವುದು ಕಾರಣವೋ, ಕೂಸಿಗೆ ಬೇಕಾದದ್ದೂ ಅದೇ.