ಬೆಟ್ಟ ಕುಡಿದ ನೀರಿನ ಲೆಕ್ಕ

ಮಳೆಗಾಲದಲ್ಲಿ ಕೊಡಗಿನ ಇಬ್ಬರು ಕಾಫಿ ಬೆಳೆಗಾರರು ಫೋನಿನಲ್ಲಿ ಸಿಕ್ಕರೆ ಕ್ಷೇಮ ಸಮಾಚಾರಕ್ಕೂ ಮೊದಲು ಬರುವ ಪ್ರಶ್ನೆ, ‘ನಿಮ್ಮಲ್ಲಿ ಎಷ್ಟು ಬಂತು?’ ಉತ್ತರವೂ ಚುಟುಕು: ‘ಮೂರು ಇಂಚು ನಲವತ್ತು ಸೆಂಟು.’ ಇಂಚಿನ ನೂರರಲ್ಲಿ ಒಂದು ಪಾಲಿಗೆ ಇಲ್ಲಿ ಸೆಂಟು ಎನ್ನುತ್ತಾರೆ. ಹವಾಮಾನ ಇಲಾಖೆ ಮಿಲಿಮೀಟರಿಗೆ ಹೋಗಿ ದಶಕಗಳಾದರೂ ತೋಟದ ಮನೆಗಳ ಅಳತೆ ಬದಲಾಗಿಲ್ಲ. ಬೆಳಿಗ್ಗೆ ಅಂಗಳದ ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು ಪುಸ್ತಕದಲ್ಲಿ ಬರೆದಿಡುವ ರೂಢಿ ಅಜ್ಜನಿಂದ ಮೊಮ್ಮಗನವರೆಗೆ ಬಂದಿದೆ. ಬೇಸಿಗೆಯ ಹೂಮಳೆ ಒಂದು ಇಂಚು ಬಿತ್ತೇ, ಅರ್ಧ ಇಂಚಿಗೇ ನಿಂತಿತೇ ಎಂಬುದರ ಮೇಲೆ ಆ ವರ್ಷದ ರೊಬಸ್ಟಾ ಫಸಲು ನಿಂತಿರುತ್ತದೆ. ಪುಸ್ತಕ ಹುಟ್ಟಿದ್ದು ಫಸಲಿಗಾಗಿ. ಅದೇ ಪುಸ್ತಕ ಜೀವವನ್ನೂ ಉಳಿಸಬಲ್ಲದು ಎಂದು ನಾನು ನಂಬಿದ್ದೇನೆ. ಯಾಕೆಂದು ಹೇಳಲು 2018ರ ಆಗಸ್ಟಿಗೆ ಹೋಗಬೇಕು.

ಆ ಆಗಸ್ಟ್

ಆ ವರ್ಷ ಜೂನ್‌ನಿಂದಲೇ ಮಳೆ ಜೋರಾಗಿತ್ತು. ಜುಲೈನಲ್ಲೇ ಹಾರಂಗಿ ಜಲಾಶಯ ತುಂಬಿತು. ಜುಲೈ 9ರಂದು 3.4 ತೀವ್ರತೆಯ ಲಘು ಭೂಕಂಪನವೂ ಆಗಿ ಜನರಲ್ಲಿ ಅಳುಕು ಹುಟ್ಟಿಸಿತ್ತು. ಆಗಸ್ಟ್ ಮಧ್ಯದಲ್ಲಿ, ಕೇರಳ ಮುಳುಗಿದ ಅದೇ ವಾರ, ಮಡಿಕೇರಿಯ ಸುತ್ತಲ ಬೆಟ್ಟಗಳು ಒಂದರ ಹಿಂದೊಂದು ಜರಿದವು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಮೊಣ್ಣಂಗೇರಿ, ಸಂಪಾಜೆ ದಾರಿಯ ಜೋಡುಪಾಲ: ಹೆಸರುಗಳ ಪಟ್ಟಿ ಬೆಳೆಯುತ್ತಲೇ ಹೋಯಿತು. ರಸ್ತೆ ಹೋಯಿತು, ವಿದ್ಯುತ್ ಹೋಯಿತು, ಫೋನ್ ಸತ್ತಿತು. ತೋಟದ ನಡುವಿನ ಒಂಟಿ ಮನೆಗಳಲ್ಲಿದ್ದವರು, ಲೈನ್ ಮನೆಗಳ ಕಾರ್ಮಿಕರು, ವಯಸ್ಸಾದವರು, ಮಕ್ಕಳು ಕೆಸರು ತುಳಿದು, ಕಾಡಿನ ದಾರಿ ಹಿಡಿದು ಹೊರಬರಬೇಕಾಯಿತು. ಸಾವಿರಾರು ಜನ ಪರಿಹಾರ ಕೇಂದ್ರ ಸೇರಿದರು. ಕೆಲವರಿಗೆ ಹಿಂತಿರುಗಲು ಮನೆ ಇರಲಿಲ್ಲ, ಮನೆ ನಿಂತಿದ್ದ ನೆಲವೂ ಇರಲಿಲ್ಲ.

ಕಂಪನವೇ ಬೆಟ್ಟವನ್ನು ಸಡಿಲಿಸಿತು ಎಂದು ಹಲವರು ಅಂದುಕೊಂಡರು. ಪರಿಶೀಲನೆಗೆ ಬಂದ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು ಬೊಟ್ಟು ಮಾಡಿದ್ದು ಅತಿಯಾದ ಮಳೆಯ ಕಡೆಗೆ, ಮತ್ತು ರಸ್ತೆಗೂ ಕಟ್ಟಡಕ್ಕೂ ಕಡಿದ ಇಳಿಜಾರುಗಳ ಕಡೆಗೆ.

ಒಂದು ಇಂಚಿನ ಭಾರ

ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಈ ಲೆಕ್ಕದಲ್ಲಿ ಒಂದು ಎಕರೆಯ ಮೇಲೆ ಬಿದ್ದ ಒಂದು ಇಂಚು ಮಳೆ ಸುಮಾರು ಒಂದು ಲಕ್ಷ ಲೀಟರ್, ಅಂದರೆ ನೂರು ಟನ್. ಹತ್ತು ಟನ್ ಹೊರುವ ಹತ್ತು ಲಾರಿಗಳನ್ನು ಒಂದು ಎಕರೆ ಇಳಿಜಾರಿನಲ್ಲಿ ನಿಲ್ಲಿಸಿದಂತೆ. ಹತ್ತು ಇಂಚು ಬಂದರೆ ನೂರು ಲಾರಿ. ಎಲ್ಲವೂ ಅಲ್ಲೇ ನಿಲ್ಲುವುದಿಲ್ಲ. ಒಂದಷ್ಟು ಮೇಲಿಂದಲೇ ಹರಿದು ಕೊಲ್ಲಿ, ಅಂದರೆ ಬೆಟ್ಟದ ತೊರೆ, ಸೇರುತ್ತದೆ, ಒಂದಷ್ಟು ಮಣ್ಣಿಗೆ ಇಳಿದು ನಿಧಾನವಾಗಿ ಒರತೆಯಾಗಿ ಹೊರಬರುತ್ತದೆ. ಹೊರಹೋಗುವ ವೇಗಕ್ಕಿಂತ ಒಳಬರುವ ವೇಗ ಹೆಚ್ಚಾದಾಗ ಬೆಟ್ಟದ ಹೊಟ್ಟೆಯಲ್ಲಿ ನೀರು ಏರತೊಡಗುತ್ತದೆ.

ಕೊಡಗಿನ ಶಿಲೆಗಳು 300 ಕೋಟಿ ವರ್ಷಕ್ಕೂ ಹಳೆಯವು, ಗಟ್ಟಿ. ಆದರೆ ಅವುಗಳ ಮೇಲೆ ಯುಗಗಳ ಮಳೆ ಬಿಸಿಲಿಗೆ ಕೊಳೆತ ಬಂಡೆಯ ದಪ್ಪ ಹೊದಿಕೆಯಿದೆ. ಮೇಲೆ ಕೆಂಪು ಮಣ್ಣು, ಜಂಬಿಟ್ಟಿಗೆ. ಎಷ್ಟೋ ಕಡೆ ಅದರ ಕೆಳಗೆ ಕರಾವಳಿಯವರು ಶೇಡಿ ಎನ್ನುವ ಬಗೆಯ ನುಣುಪು ಮಣ್ಣು. ಕೆಳಗಿನ ಬಂಡೆ ನೀರು ಕುಡಿಯುವುದಿಲ್ಲ. ಮೇಲಿಂದ ಇಳಿದ ನೀರು ಮಣ್ಣು ಮತ್ತು ಬಂಡೆಯ ನಡುವೆ ಸಿಕ್ಕಿಕೊಳ್ಳುತ್ತದೆ.

ಗುಬ್ಬಚ್ಚಿ ಗೂಡಿನ ಪಾಠ

ಮರಳಿನಲ್ಲಿ ಕಾಲಿಟ್ಟು ಗುಬ್ಬಚ್ಚಿ ಗೂಡು ಕಟ್ಟಿದ ಮಗುವಿಗೆ ಮಣ್ಣಿನ ವಿಜ್ಞಾನ ಅರ್ಧ ಗೊತ್ತು. ಒಣ ಮರಳಿನಲ್ಲಿ ಗೂಡು ನಿಲ್ಲದು. ತುಸು ಒದ್ದೆಯಾದರೆ ನಿಲ್ಲುತ್ತದೆ, ಏಕೆಂದರೆ ಕಣಗಳ ನಡುವಿನ ತೆಳು ನೀರು ಅವನ್ನು ಒಂದಕ್ಕೊಂದು ಸೆಳೆದು ಹಿಡಿಯುತ್ತದೆ. ಚೊಂಬು ನೀರು ಸುರಿದರೆ ಗೂಡು ಕರಗಿ ಕೂರುತ್ತದೆ. ಈಗ ಕಣಗಳ ನಡುವೆ ಗಾಳಿಗೆ ಜಾಗವಿಲ್ಲ. ತುಂಬಿದ ನೀರು ಕಣಗಳನ್ನು ದೂರ ತಳ್ಳುತ್ತದೆ, ಒಂದರ ಮೇಲೊಂದು ಒತ್ತಿ ನಿಂತಿದ್ದ ಬಲ ಕಳಚುತ್ತದೆ. ಆಸ್ಟ್ರಿಯಾದ ಎಂಜಿನಿಯರ್ ಕಾರ್ಲ್ ಟೆರ್ಜಾಘಿ 1920ರ ದಶಕದಲ್ಲಿ ಈ ತತ್ವವನ್ನು ಲೆಕ್ಕಕ್ಕೆ ತಂದ. ಮಣ್ಣಿನ ಬಲ ಇರುವುದು ಅದರ ಒಟ್ಟು ಭಾರದಲ್ಲಲ್ಲ, ಆ ಭಾರದಲ್ಲಿ ನೀರಿನ ಒತ್ತಡ ಕಳೆದು ಉಳಿದದ್ದರಲ್ಲಿ. ಬೆಟ್ಟ ಜರಿಯುವಾಗ ಎರಡೂ ಒಟ್ಟಿಗೆ ನಡೆಯುತ್ತವೆ. ಭಾರ ಏರುತ್ತದೆ, ಹಿಡಿತ ಇಳಿಯುತ್ತದೆ.

ಆದ್ದರಿಂದ ಜೂನ್ ಮೊದಲ ವಾರ ಎಂಟು ಇಂಚು ಬಂದರೂ ಅಲುಗದ ಇಳಿಜಾರು, ಕೊಡವರ ಕಕ್ಕಡ ತಿಂಗಳಿನ ಕೊನೆಗೆ, ಅಂದರೆ ಆಗಸ್ಟ್ ಮಧ್ಯದಲ್ಲಿ, ಐದು ಇಂಚಿಗೇ ಕುಸಿಯಬಹುದು. ಕುಸಿತವನ್ನು ತೀರ್ಮಾನಿಸುವುದು ಅಂದಿನ ಮಳೆಯೊಂದೇ ಅಲ್ಲ. ಅದರ ಹಿಂದಿನ ಮೂರು ದಿನ, ಹದಿನೈದು ದಿನ, ಇಡೀ ಮಳೆಗಾಲ ಬೆಟ್ಟ ಕುಡಿದಿಟ್ಟುಕೊಂಡ ನೀರೂ ಲೆಕ್ಕಕ್ಕೆ ಸೇರುತ್ತದೆ.

ಇಂಗಿಸುವುದೋ, ಹರಿಸುವುದೋ?

ಮರದ ಬೇರುಗಳು ಮಣ್ಣನ್ನು ಹೊಲಿದಿಡುತ್ತವೆ. ಮರ ಕಡಿದ ದಿನವೇ ಅಪಾಯ ಕಾಣುವುದಿಲ್ಲ. ಬೇರು ಕೊಳೆತು ಹಿಡಿತ ಸಡಿಲವಾಗಲು ಕೆಲವು ವರ್ಷ ಬೇಕು. ಹಾಗಾಗಿ ಕಡಿದವರಿಗೂ ಕುಸಿತಕ್ಕೂ ನಂಟು ಕಾಣದೆ ಹೋಗುತ್ತದೆ. ಬೆಟ್ಟದ ಬುಡವನ್ನು ನೇರವಾಗಿ ಕಡಿದು ಮನೆ ಕಟ್ಟಿದರೆ, ಮೇಲಿನ ಮಣ್ಣಿಗೆ ಕೊಟ್ಟಿದ್ದ ಆನಿಕೆಯನ್ನೇ ತೆಗೆದಂತೆ. ಕಡಿದ ಮಣ್ಣನ್ನು ಪಕ್ಕದ ಕೊಲ್ಲಿಗೆ ತಳ್ಳಿದರೆ ನೀರಿನ ದಾರಿಯೂ ಮುಚ್ಚಿತು.

ಇನ್ನೊಂದು ಮಾತು ಒಪ್ಪಲು ಕಷ್ಟ. ‘ಓಡುವ ನೀರನ್ನು ನಿಲ್ಲಿಸಿ, ನಿಂತ ನೀರನ್ನು ಇಂಗಿಸಿ’ ಎಂದು ನಾವು ವರ್ಷಗಳಿಂದ ಕಲಿತಿದ್ದೇವೆ. ಬಯಲುಸೀಮೆಗೆ ಅದು ಸಂಜೀವಿನಿ. ದಪ್ಪ ಮಣ್ಣಿನ ಕಡಿದಾದ ಬೆಟ್ಟದಲ್ಲಿ ತೋಡಿದ ಇಂಗುಗುಂಡಿ ಮಾತ್ರ ಬೆಟ್ಟದ ಹೊಟ್ಟೆಗೆ ಕೊಳವೆ ಇಟ್ಟಂತೆ. ಅಂಥ ಜಾಗದಲ್ಲಿ ನೀರನ್ನು ಚರಂಡಿ ಹಿಡಿಸಿ ಸುರಕ್ಷಿತವಾಗಿ ಕೆಳಗಿಳಿಸಬೇಕು. ಇಂಗಿಸುವ ಕೆಲಸ ಕೆಳಗಿನ ಗದ್ದೆಗಳದ್ದು. ಬದು ಕಟ್ಟಿದ ಭತ್ತದ ಗದ್ದೆಯೊಂದು ಮಳೆಗಾಲದ ಪುಟ್ಟ ಕೆರೆ. ಗದ್ದೆ ಮಣ್ಣು ತುಂಬಿ ನಿವೇಶನವಾದಾಗ ನಾವು ಕಳೆದುಕೊಳ್ಳುವುದು ಅಕ್ಕಿಯನ್ನಷ್ಟೇ ಅಲ್ಲ.

ಬೆಟ್ಟ ಕೊಡುವ ಸೂಚನೆ

ಕುಸಿಯುವ ಮುನ್ನ ಎಷ್ಟೋ ಬೆಟ್ಟಗಳು ಮಾತಾಡುತ್ತವೆ. ಮೇಲ್ಭಾಗದಲ್ಲಿ ಬಿಲ್ಲಿನಂತೆ ಬಾಗಿದ ಬಿರುಕು ಮೂಡುತ್ತದೆ. ವಿದ್ಯುತ್ ಕಂಬ, ಸಿಲ್ವರ್ ಓಕ್ ಮರ ವಾಲುತ್ತವೆ. ನಿನ್ನೆಯವರೆಗೆ ಸಲೀಸಾಗಿದ್ದ ಬಾಗಿಲು ಇಂದು ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ. ಎಂದೂ ಇಲ್ಲದ ಕಡೆ ಜಲ ಏಳುತ್ತದೆ, ತಿಳಿಯಾಗಿದ್ದ ಒರತೆ ಕೆಂಪಗಾಗುತ್ತದೆ. ಎಲ್ಲಕ್ಕಿಂತ ಭಯದ ಸೂಚನೆ, ಮಳೆ ಸುರಿಯುತ್ತಿದ್ದರೂ ಕೊಲ್ಲಿಯ ನೀರು ದಿಢೀರನೆ ಕಡಿಮೆಯಾಗುವುದು. ಮೇಲೆಲ್ಲೋ ಮಣ್ಣು, ಮರ ಬಿದ್ದು ನೀರು ಕಟ್ಟಿಕೊಂಡಿದೆ. ಅದು ಒಡೆದರೆ ಗೋಡೆಯಂತೆ ಬರುತ್ತದೆ.

ಬಿರುಕು ಸಣ್ಣದಿದ್ದು ಮಳೆ ಬಿಡುವು ಕೊಟ್ಟಾಗ ಅದಕ್ಕೆ ಜೇಡಿಮಣ್ಣು ತುಂಬಿ, ಟಾರ್ಪಾಲು ಹೊದಿಸಿ, ಮೇಲಿನ ನೀರನ್ನು ಬೇರೆಡೆ ತಿರುಗಿಸಬಹುದು. ದೊಡ್ಡ ಸೂಚನೆ ಕಂಡರೆ ಮನೆ ಬಿಡುವುದೊಂದೇ ದಾರಿ, ಅದೂ ಬೆಳಕಿರುವಾಗಲೇ. ಮಣ್ಣು ಬರುತ್ತಿರುವ ಸದ್ದು ಕೇಳಿದರೆ ಕೆಳಮುಖವಾಗಿ ಓಡಬಾರದು. ಅದರ ದಾರಿಗೆ ಅಡ್ಡಲಾಗಿ ಪಕ್ಕದ ಎತ್ತರಕ್ಕೆ ಹೋಗಬೇಕು. ಮೇ ತಿಂಗಳಲ್ಲಿ ಸೌದೆ, ಅಕ್ಕಿ ಒಳಗಿಡುವಾಗಲೇ ಇನ್ನೂ ಕೆಲವು ಸಿದ್ಧತೆ ಆಗಬೇಕು. ಔಷಧ, ಟಾರ್ಚು, ಬ್ಯಾಟರಿ ರೇಡಿಯೊ, ದಾಖಲೆಗಳ ಚೀಲ ಒಂದೆಡೆ ಇರಲಿ. ಯಾರ ಮನೆಗೆ, ಯಾವ ಕಾಲುದಾರಿಯಲ್ಲಿ ಹೋಗುವುದೆಂದು ಲೈನ್ ಮನೆಯವರನ್ನೂ ಸೇರಿಸಿಕೊಂಡು ಮಾತಾಡಿಟ್ಟಿರಬೇಕು.

ನೆರೆಯ ವಯನಾಡಿನ ಮಾಪಕಗಳು

ಸೂಚನೆಗೆ ಕಾದರೆ ಕೆಲವೊಮ್ಮೆ ತಡವಾಗುತ್ತದೆ. ಅದಕ್ಕೂ ಮೊದಲೇ ಎಚ್ಚರಿಸಬಲ್ಲದ್ದು ಮಳೆಯ ಲೆಕ್ಕ. 1980ರಲ್ಲಿ ನೆಲ್ ಕೇನ್ ಎಂಬ ವಿಜ್ಞಾನಿ ಲೋಕದ ಬೇರೆ ಬೇರೆ ಕಡೆಯ 73 ಕುಸಿತಗಳ ಮಳೆ ದಾಖಲೆ ಜೋಡಿಸಿ, ಎಷ್ಟು ಹೊತ್ತು ಎಷ್ಟು ಸುರಿದರೆ ಅಪಾಯ ಶುರು ಎಂಬ ಗೆರೆ ಎಳೆದ. ಆ ಗೆರೆಯಲ್ಲಿ ಒಂದು ದಿನಕ್ಕೆ ಬರುವುದು ಸುಮಾರು 100 ಮಿ.ಮೀ., ಅಂದರೆ ನಾಲ್ಕು ಇಂಚು. ಕೊಡಗಿಗೆ ನಾಲ್ಕು ಇಂಚು ಹೊಸದಲ್ಲ. ಭಾಗಮಂಡಲದ ಬೆಟ್ಟಕ್ಕೊಂದು ಮಿತಿ, ಕುಶಾಲನಗರದ ಗುಡ್ಡಕ್ಕೆ ಇನ್ನೊಂದು. ಅದನ್ನು ಸ್ಥಳೀಯ ದಾಖಲೆಯಿಂದಲೇ ಕಂಡುಕೊಳ್ಳಬೇಕು.

ಪಕ್ಕದ ವಯನಾಡಿನಲ್ಲಿ ಹ್ಯೂಮ್ ಸೆಂಟರ್ ಎಂಬ ಸಂಸ್ಥೆ ಜಿಲ್ಲೆಯುದ್ದಕ್ಕೂ 200ರಷ್ಟು ಮಳೆಮಾಪಕಗಳ ಜಾಲ ಕಟ್ಟಿದೆ. 2024ರ ಜುಲೈ 30ರ ನಸುಕಿನಲ್ಲಿ ಮುಂಡಕ್ಕೈ, ಚೂರಲ್‌ಮಲ ಊರುಗಳನ್ನು ಮಣ್ಣು ನುಂಗಿ 200ಕ್ಕೂ ಹೆಚ್ಚು ಜನ ಸತ್ತರಲ್ಲ, ಅದರ ಹಿಂದಿನ ಬೆಳಿಗ್ಗೆಯೇ ಈ ಜಾಲದ ಅಂಕಿಗಳು ಅಪಾಯವನ್ನು ತೋರಿಸಿದ್ದವು, ಎಚ್ಚರಿಕೆ ಹೊರಟಿತ್ತು. ಹತ್ತಿರದ ಪುತ್ತುಮಲದಲ್ಲಿ 48 ಗಂಟೆಗಳಲ್ಲಿ ಬಿದ್ದದ್ದು 572 ಮಿ.ಮೀ., ಇಪ್ಪತ್ತೆರಡು ಇಂಚಿಗೂ ಮೇಲೆ. ಅಂಕಿ ಎಚ್ಚರಿಸಬಲ್ಲದು, ಅದು ಮನೆಮನೆಯ ಬಾಗಿಲು ತಟ್ಟುವ ಮಾತಾಗಲು ಮನುಷ್ಯರೇ ಬೇಕು.

ಕೆಳಗಿನ ಊರುಗಳಿಗಾಗಿ

ಮೇಲೆ ಜರಿದ ಮಣ್ಣು ಮೇಲೆಯೇ ಉಳಿಯುವುದಿಲ್ಲ. 2018ರ ಹೂಳು ಹಾರಂಗಿ ಜಲಾಶಯದ ತಳ ಸೇರಿತು. ಹೊಳೆ ಉಕ್ಕಿ ಕುಶಾಲನಗರದ ಬಡಾವಣೆಗಳಿಗೆ ನುಗ್ಗಿತು. ಮರುವರ್ಷ ತೋರ, ಕೋರಂಗಾಲದಲ್ಲಿ ಬೆಟ್ಟ ಜರಿದು ಜನ ಸತ್ತರು. ನೆಲ್ಯಹುದಿಕೇರಿ, ಕರಡಿಗೋಡಿನಲ್ಲಿ ಕಾವೇರಿ ಮನೆಗಳನ್ನೇ ಕೊಂಡೊಯ್ದಳು. 2020ರ ಆಗಸ್ಟ್ 6ರಂದು ತಲಕಾವೇರಿಯ ಬೆಟ್ಟವೇ ಕುಸಿಯಿತು. ಮೂರು ವರ್ಷ, ಮೂರೂ ಸಲ ಆಗಸ್ಟ್. ಬೆಟ್ಟ ಎರಡು ತಿಂಗಳು ಕುಡಿದಾದ ಮೇಲಿನ ಹೊತ್ತು ಅದು.

ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಸ್ವಯಂಚಾಲಿತ ಮಾಪಕಗಳು ಗ್ರಾಮ ಪಂಚಾಯಿತಿಗಳಲ್ಲಿವೆ. ಆದರೆ ಬೆಟ್ಟದ ಒಂದು ಮಗ್ಗುಲಿನ ಮಳೆ ಇನ್ನೊಂದು ಮಗ್ಗುಲಿಗಿಲ್ಲ. ಆ ನಡುವಿನ ಖಾಲಿ ಜಾಗ ತುಂಬಬಲ್ಲವು ತೋಟದ ಮನೆಗಳ ಮಳೆ ಪುಸ್ತಕಗಳು. ಅಜ್ಜ ಗೆರೆ ಹಾಕಿದ ಪುಟದಲ್ಲಿ ದಿನಾಂಕ, ಇಂಚು, ಸೆಂಟು ಈಗಾಗಲೇ ಇವೆ. ಈ ಜೂನ್‌ನಿಂದ ಇನ್ನೆರಡು ಕಾಲಂ ಎಳೆಯೋಣ: ಮೂರು ದಿನದ ಮೊತ್ತ, ಹದಿನೈದು ದಿನದ ಮೊತ್ತ. ಊರಿನ ಹತ್ತು ಮನೆಗಳು ಸಂಜೆ ಈ ಅಂಕಿಗಳನ್ನು ಹಂಚಿಕೊಳ್ಳಲಿ. ಮೊತ್ತ ಏರಿದ ದಿನ ಫೋನಿನಲ್ಲಿ ‘ನಿಮ್ಮಲ್ಲಿ ಎಷ್ಟು ಬಂತು?’ ಎಂದು ಕೇಳಿ ಸುಮ್ಮನಾಗದೆ, ‘ಇವತ್ತು ರಾತ್ರಿ ನಮ್ಮ ಮನೆಗೆ ಬನ್ನಿ’ ಎನ್ನೋಣ.